ಕಾವಲು ಬಳೆ

ಕಸ್ತೂರಿ ವೈನಿಯ ಸಕ್ಕರೆ ನೂರಾಹತ್ತು, ತೊಂದರೆ ಏನೂ ಇಲ್ಲ ಎಂದು ಗೋಡೆಯ ಮಾಡದಲ್ಲಿದ್ದ ನಿಗಾ ಪೆಟ್ಟಿಗೆ ಹಸಿರು ಅಂಕಿಯಲ್ಲಿ ಹೇಳುತ್ತಿದ್ದ ಹೊತ್ತಿನಲ್ಲೇ ವೈನಿ ಅಡುಗೆಮನೆಯಲ್ಲಿ ಹಿಟ್ಟಿನ ಪರಾತದ ಪಕ್ಕ ಕುಸಿದು ಕೂತಿದ್ದಳು. ಮೈಯೆಲ್ಲ ಬೆವರು. ಕಣ್ಣು ತೆರೆದೇ ಇದ್ದವು, ಆದರೆ ನಾವು ಯಾರೆಂದು ಆ ಕಣ್ಣುಗಳಿಗೆ ಗೊತ್ತಿರಲಿಲ್ಲ. ಅವ್ವ ಅವಳ ತಲೆಯನ್ನು ಎದೆಗೆ ಒರಗಿಸಿಕೊಂಡು ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಬಹಳ ಹೊತ್ತಿನ ಮೇಲೆ ವೈನಿ ಅವ್ವನ ಮುಖ ನೋಡಿ, "ಅತ್ತಿ, ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋತೇನು?" ಎಂದು ಕೇಳಿದಾಗ ನಮಗೆ ಜೀವ ಬಂತು.

ವೈನಿಗೆ ಆಗ ಏಳು ತಿಂಗಳು. ಬಸುರಿಗೆ ಹಸಿರು ಬಳೆ ತೊಡಿಸುವ ಕುಬಸದ ಕಾರ್ಯ ಮುಗಿದು ವಾರವಷ್ಟೇ ಆಗಿತ್ತು.

ಮಗ್ಗ ನಿಲ್ಲಿಸಿ ಓಡಿಬಂದ ಶ್ರೀಶೈಲಣ್ಣ ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ಪೆಟ್ಟಿಗೆಯನ್ನು, ಆಮೇಲೆ ನನ್ನನ್ನು.

"ಏನವಾ ಪೂರ್ಣಿ, ನಿಮ್ಮ ಆಫೀಸಿನ ಯಂತ್ರ ಇನ್ನೂ ನೂರಾಹತ್ತು ಅನ್ನಾಕತ್ತೈತಿ. ಇದಕ್ಕ ಕಣ್ಣ ಅದಾವೋ ಇಲ್ಲೋ?"

ನಾನು ಪೆಟ್ಟಿಗೆಯನ್ನು ತಿರುವಿ ನೋಡಿದೆ. ಮಾತು ಬೇಕಾದ ಹೊತ್ತಿಗೆ ಗಂಟಲಲ್ಲೇ ನಿಂತುಬಿಡುವುದು ನನಗೆ ಹೊಸದಲ್ಲ. ಆದರೆ ಆ ದಿನ ಹೇಳುವುದಕ್ಕೆ ನನ್ನಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ನಾನು ಕೆಲಸ ಮಾಡುವುದು ಜಮಖಂಡಿಯಲ್ಲಿ, ಕಾವಲು ಬಳೆ ಮಾಡುವ ಕಂಪನಿಯ ನೆರವು ಕೇಂದ್ರದಲ್ಲಿ. ಬಳೆ ಕೆಟ್ಟರೆ ಈ ಭಾಗದ ಜನ ಫೋನು ಮಾಡುವುದು ಅಲ್ಲಿಗೆ. ಬಳೆಗಳು ಬರುವುದಕ್ಕೆ ಮೊದಲು ಒಂದು ಕೆಟ್ಟ ಕಾಲವಿತ್ತು. ಎದೆಯಲ್ಲಿ ಯಂತ್ರ, ಸೊಂಟದಲ್ಲಿ ಪಂಪು, ಕಿವಿಯಲ್ಲಿ ಗುಂಡಿ ಇಟ್ಟುಕೊಂಡು ಬದುಕುವವರು ಹೆಚ್ಚಿದಂತೆ, ಎಲ್ಲಿಯೋ ಕೂತ ಕಳ್ಳರು ಆ ಯಂತ್ರಗಳೊಳಗೆ ನುಗ್ಗುವುದನ್ನು ಕಲಿತರು. ಯಾರದೋ ಹೃದಯವನ್ನು ಒತ್ತೆ ಇಟ್ಟುಕೊಂಡು ಅವರ ಮಕ್ಕಳನ್ನು ಹೆದರಿಸಿದರು. ಕೆಲವರು ಸತ್ತರು. ಆಮೇಲೆ ಕಾನೂನು ಬಂತು: ಒಬ್ಬೊಬ್ಬರ ಮೈಗೂ ಒಂದೊಂದು ಫೈರ್‌ವಾಲ್. ಗಂಡಸರಿಗೆ ಕಡಗ, ಹೆಂಗಸರಿಗೆ ಬಳೆ. ಮೈಯಲ್ಲಿ ಯಂತ್ರ ಇರಲಿ ಬಿಡಲಿ, ಎಲ್ಲರಿಗೂ. ಅದು ತೊಟ್ಟವರ ನಾಡಿಯನ್ನು ಕಲಿತುಕೊಂಡು, ಈ ಮೈಯ ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ತೀರ್ಮಾನಿಸುತ್ತದೆ. ಒಳಗಿನವರ ಮಾತಿಗೆ ದಾರಿ ಬಿಡುತ್ತದೆ, ಹೊರಗಿನವರನ್ನು ತಡೆಯುತ್ತದೆ.

ವೈನಿಯ ತೋಳಿನ ಮೇಲೆ ಒಂದು ಸೆನ್ಸರ್ ಇದೆ. ಅದು ಸಕ್ಕರೆಯನ್ನು ಅಳೆದು ಸೊಂಟದ ಪಂಪಿಗೆ ಹೇಳುತ್ತದೆ. ಪಂಪು ಆ ಲೆಕ್ಕದಂತೆ ಇನ್ಸುಲಿನ್ ಹನಿಸುತ್ತದೆ. ಇಬ್ಬರ ಮಾತನ್ನೂ ಕೇಳಿಸಿಕೊಂಡು ಮಾಡದಲ್ಲಿರುವ ಪೆಟ್ಟಿಗೆ ಅಂಕಿ ತೋರಿಸುತ್ತದೆ. ಒಂದೇ ಹೆಂಗಸಿನ ಮೈ, ಒಂದೇ ಮನೆ. ಈ ಮಾತುಕತೆ ಮನೆಯ ಗೋಡೆ ದಾಟಬಾರದೆಂದೂ ಕಾನೂನಿದೆ. ಹಾಗಾಗಿ ನಮ್ಮ ಕೇಂದ್ರಕ್ಕೆ ಯಾರ ಅಂಕಿಯೂ ಕಾಣುವುದಿಲ್ಲ. ಜನ ಬಾಯಿಬಿಟ್ಟು ಹೇಳಿದಷ್ಟೇ ನಮಗೆ ಗೊತ್ತು.

ಮರುದಿನ ಕೇಂದ್ರಕ್ಕೆ ಹೋದವಳು ಹಿಂದಿನ ಕರೆಗಳನ್ನು ಮತ್ತೆ ಕೇಳಿದೆ. ಮಹಾಲಿಂಗಪುರದ ಒಬ್ಬಾಕೆ, ತೇರದಾಳದ ಒಬ್ಬ ಮುದುಕಿ, ಹುನ್ನೂರಿನ ಒಬ್ಬ ಹುಡುಗಿ. ಎಲ್ಲರದೂ ಒಂದೇ ಕಥೆ. ಬಿದ್ದಳು, ಆದರೆ ಪೆಟ್ಟಿಗೆ ಹಸಿರಾಗಿತ್ತು. ಮೂವರಿಗೂ ಪಂಪ್ ಇತ್ತು, ಮೂವರೂ ಹೆಂಗಸರು.

"ಬಳೆ ತೆಗೆದಿದ್ದಿರೇನು?" ಎಂದು ನಮ್ಮವರು ಕೇಳುತ್ತಾರೆ. ಅದು ನಾವು ಕೇಳಲೇಬೇಕಾದ ಮೊದಲ ಪ್ರಶ್ನೆ.

"ಇಲ್ಲರಿ, ಕೈ ಬರಿದ ಮಾಡೇ ಇಲ್ಲ," ಎಂದು ಮುದುಕಿ ಹೇಳುತ್ತಾಳೆ. ಪ್ರಶ್ನೆ ಕೇಳುತ್ತಿದ್ದ ದನಿ ನನ್ನದೇ. "ಸರಿ ಅಜ್ಜಿ" ಎಂದು ನಾನು ಮುಂದಿನ ಪ್ರಶ್ನೆಗೆ ಹೋಗಿದ್ದೆ.

ಕೇಂದ್ರದ ಎಂಜಿನಿಯರ್ ಇರ್ಫಾನ್ ಮೇಜಿನ ಮೇಲೆ ಒಂದು ರಬ್ಬರಿನ ಕೈ ಇಟ್ಟುಕೊಂಡಿದ್ದಾನೆ. ಅದಕ್ಕೆ ನಾಡಿ ಬಡಿಯುತ್ತದೆ, ಜ್ವರ ಬರಿಸಬಹುದು. ಅವನು ಅದನ್ನು ಪೈಲ್ವಾನ ಎಂದು ಕರೆಯುತ್ತಾನೆ. ಬಳೆ ತೊಡಿಸಿ, ಸೆನ್ಸರ್ ಅಂಟಿಸಿ, ಸಕ್ಕರೆ ಏರಿಸಿ ಇಳಿಸಿ ಬೆಳಗಿನಿಂದ ನೋಡಿದೆವು. ಒಮ್ಮೆಯೂ ತಪ್ಪಲಿಲ್ಲ.

"ಪೈಲ್ವಾನಗ ಏನೂ ಆಗಂಗಿಲ್ಲ ನೋಡ್ರಿ," ಎಂದ ಇರ್ಫಾನ್. "ಅವಗ ಮನಿ ಇಲ್ಲ, ಮಠ ಇಲ್ಲ. ಅತ್ತಿ ಕಾಟ ಇಲ್ಲ."

"ಅಂಕಿ ಬರದಿದ್ರೂ ಪೆಟ್ಟಿಗೆ ಹಸಿರ್ಯಾಕ ಇರ್ತೈತಿ?" ಎಂದು ನಾನು ಕೇಳಿದೆ.

"ಹಳೇ ಅಂಕಿ ತೋರಿಸ್ತೈತಿ. ಮೊದಲ ಏನೂ ಬರದಾಗ ಪರದೆ ಬರಿದಾಗ್ತಿತ್ತು. ಜನ ಹೆದರಿ ಫೋನ್ ಮ್ಯಾಲ ಫೋನ್. ಅದಕ್ಕ ಕಂಪನಿಯವರು, ಪರದೆ ಯಾವತ್ತೂ ಬರಿದು ಬಿಡಬ್ಯಾಡ್ರಿ ಅಂದ್ರು."

ಹಾಗಾದರೆ ವೈನಿ ಬಿದ್ದಾಗ ಕಂಡ ನೂರಾಹತ್ತು ಆಗಿನದಲ್ಲ. ಯಾವಾಗಿನದೋ. ಕೊನೆಗೆ ಬಂದ ಅದೇ ಅಂಕಿಯನ್ನು ನಂಬಿ ಪಂಪೂ ಹನಿಸುತ್ತಲೇ ಹೋಗಿತ್ತು.

ಕೇಂದ್ರದ ಮುಖ್ಯಸ್ಥೆ ಕುಲಕರ್ಣಿ ಮೇಡಮ್ ಧಾರವಾಡದವರು, ಮಾತು ಮೆತ್ತಗೆ, ತೀರ್ಮಾನ ಗಟ್ಟಿ. "ಪಂಪಿನವರು ಬಳೀದ ತಪ್ಪು ಅಂತಾರ. ನಾವು ಪಂಪಿಂದು ಅಂತೇವಿ. ನಡೀಲಿ," ಎಂದರು. "ಆದ್ರ ಪೂರ್ಣಾ, ನಿಮ್ಮ ಮನೀ ಕೇಸ್ ಅದ ಅಂತ ನೀ ಗಾಬರಿ ಆಗಬ್ಯಾಡ. ಕೇಳೋ ಯಂತ್ರ ಒಯ್ದು ಎರಡು ದಿನ ಮನ್ಯಾಗ ಕೂತು ನೋಡು. ಕಾರಣ ಸಿಗದಿದ್ರ ಪಂಪು ಬಿಡಿಸಿ ಸೂಜೀಗೆ ಹಾಕಲಿ."

ಸೂಜಿಯ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ವೈನಿಯ ಮೊದಲ ಬಸಿರು ಸೂಜಿಯ ಮೇಲೇ ನಡೆದಿತ್ತು. ಸಕ್ಕರೆ ಒಂದು ದಿನ ಮುಗಿಲಿಗೆ, ಒಂದು ದಿನ ಪಾತಾಳಕ್ಕೆ. ಎಂಟನೇ ತಿಂಗಳಲ್ಲಿ ಕೂಸು ಹೋಯಿತು. ಈ ಸಲ ಪಂಪು ಇದೆ ಎಂಬ ಒಂದೇ ಧೈರ್ಯದ ಮೇಲೆ ಡಾಕ್ಟರು ಹೂಂ ಅಂದಿದ್ದರು.

ಕೇಳುವ ಯಂತ್ರ ಎಂದರೆ ಅಂಗೈಯಗಲದ ಪರದೆ. ಮನೆಯೊಳಗೆ ಬಳೆ ಯಾರಿಗೆ ಬಿಡು ಎಂದಿತು, ಯಾರಿಗೆ ತಡೆ ಎಂದಿತು ಎಂಬುದನ್ನು ಅದು ಸಾಲು ಸಾಲಾಗಿ ತೋರಿಸುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನ ಪೂರ್ತಿ ವೈನಿಯ ಪಕ್ಕ ಕೂತೆ. ಪಡಸಾಲೆಯ ಆಚೆ ಅಣ್ಣನ ಮಗ್ಗಗಳು ಖಟಖಟ ಎನ್ನುತ್ತಿದ್ದವು. ನಮ್ಮ ಓಣಿಯಲ್ಲಿ ಮಾತನಾಡುವವರೆಲ್ಲ ಆ ಸದ್ದಿಗಿಂತ ಒಂದು ಮೆಟ್ಟಿಲು ಮೇಲೆ ದನಿ ಎತ್ತುತ್ತಾರೆ, ನನ್ನನ್ನು ಬಿಟ್ಟು.

"ಪೊಲೀಸರ ಕಾವಲ ಆತು ನನಗ," ಎಂದು ವೈನಿ ನಕ್ಕಳು. ಬಲಗೈ ತುಂಬ ಕುಬಸದ ಹಸಿರು ಗಾಜಿನ ಬಳೆ. ಎಡಗೈಯಲ್ಲಿ ಕಾವಲು ಬಳೆಯೊಂದೇ. ಆ ಕೈಯಲ್ಲಿ ಗಾಜು ತಾಗಬಾರದೆಂದು ನಮ್ಮ ಕೇಂದ್ರದವರೇ ಹೇಳಿ ಕೊಟ್ಟದ್ದು. "ಬಚ್ಚಲಕ್ಕೂ ಬರ್ತೀಯೇನು?"

"ಬಾಗಲ ಮಟಾ ಬರ್ತೇನಿ," ಎಂದೆ.

"ಅಬ್ಬಾ, ಇವಳ ಬಾಯಾಗ ಚಾಷ್ಟಿ! ಅತ್ತಿ, ಕೇಳಿದ್ರಿಲ್ಲೋ?"

ಅಡುಗೆಮನೆಯಿಂದ ಅವ್ವ, "ಆಕಿ ಮಾತಾಡ್ಯಾಳಂದ್ರ ಇವತ್ತ ಮಳಿ ಬರತೈತಿ," ಎಂದಳು.

ಬಿಡು, ಬಿಡು, ಬಿಡು ಎಂದು ಪರದೆ ಬರೆಯುತ್ತಲೇ ಇತ್ತು. ಸಂಜೆ ವೈನಿ ಅಂಗಳದಲ್ಲಿ ಒಂದಿಷ್ಟು ತಿರುಗಾಡಿ ಬಂದಳು. ನಡೆದರೆ ಸಕ್ಕರೆ ಇಳಿಯುತ್ತದೆ. ಇಳಿಯತೊಡಗಿದ ಗಳಿಗೆಯಲ್ಲಿ ಪರದೆಯ ಸಾಲು ಬದಲಾಯಿತು.

ತಡೆ. ತೋಳಿನಿಂದ ಬಂದ ಮಾತು ಪರಕೀಯ. ಮನೆಯವರ ಎಚ್ಚರಿಕೆ ಇದೆ.

ನಾನು ತಟ್ಟನೆ ಎದ್ದು ವೈನಿಯ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಯಲ್ಲಿ ನೋಡಿದೆ. ಎಂಬತ್ತೆಂಟು. ಮಾಡದ ಪೆಟ್ಟಿಗೆ ಹಸಿರಾಗಿ ನೂರಾಇಪ್ಪತ್ತು ಎನ್ನುತ್ತಿತ್ತು. ಬಾಳೆಹಣ್ಣು ತಿನ್ನಿಸಿದೆವು. ಇಳಿತ ನಿಂತಿತು. ನಿಂತ ಕೂಡಲೇ ಪರದೆ ಮತ್ತೆ ಸಾಧುವಾಗಿ ಬಿಡು, ಬಿಡು ಎಂದು ಬರೆಯತೊಡಗಿತು.

ತನ್ನ ತೋಳು ತನ್ನ ಸೊಂಟಕ್ಕೆ ಹೇಳುವ ಮಾತನ್ನು ವೈನಿಯ ಬಳೆಯೇ ಕಳ್ಳನ ಮಾತೆಂದು ತಡೆಯುತ್ತಿತ್ತು. ಅದೂ ಆ ಮಾತು ಅತಿ ಜರೂರಾಗಿ ಬೇಕಾದಾಗ ಮಾತ್ರ.

ಮರುದಿನ ಮುಂಜಾನೆ ನಾನು ಕೇಂದ್ರಕ್ಕೆ ಓಡಿದೆ. ಹೊರಡುವಾಗ ಪೆಟ್ಟಿಗೆ ನೂರಾಎಂಟು ತೋರಿಸುತ್ತಿತ್ತು. ಬೆರಳಿನ ಪಟ್ಟಿಯೂ ಅದನ್ನೇ ಹೇಳಿದ್ದರಿಂದ ಧೈರ್ಯವಾಗಿತ್ತು.

ಇರ್ಫಾನ್ ಸಾಲುಗಳನ್ನು ಎರಡು ಸಲ ಓದಿದ. "ಮನೆಯವರ ಎಚ್ಚರಿಕೆ ಅಂದ್ರ ಗೊತ್ತೈತಲ್ಲ? ಒಂದ ಮನೀ ಬಳಿಗಳು ತಮ್ಮತಮ್ಮೊಳಗ ಮಾತಾಡ್ಕೋತಾವ. ಒಂದು ಬಳಿ ಕಳ್ಳನ್ನ ಕಂಡ್ರ ಉಳದವಕ್ಕ ಹೇಳ್ತೈತಿ, ನಿಮ್ಮ ಓಣ್ಯಾಗ ನಳದ ಕಟ್ಟೀ ಮ್ಯಾಲ ಹೆಂಗಸರು ಹೇಳ್ಕೊಂಡಂಗ. ನಿಮ್ಮನ್ಯಾಗ ಬ್ಯಾರೆ ಯಾರದೋ ಬಳಿ ಈ ಸೆನ್ಸರನ್ನ ಕಳ್ಳ ಅಂದೈತಿ."

"ಮತ್ತ ವೈನೀ ಬಳಿಗೆ ಅದು ತನ್ನದಂತ ಗೊತ್ತಲ್ಲ?"

"ಗೊತ್ತು. ಅದಕ್ಕ ಸುಮ್ನಿದ್ದಾಗ ಬಿಡ್ತೈತಿ. ಸೆನ್ಸರ್ ಅವಸರದ್ದೇನರ ಹೇಳಿದ್ರ ಮಾತ್ರ, ಯಾರೋ ಹೇಳಿದ್ರಲ್ಲ ಇದು ಕಳ್ಳಂತ, ಅಂತ ಅನುಮಾನ ಬರ್ತೈತಿ." ಅವನು ತಲೆ ಕೆರೆದುಕೊಂಡ. "ಆದ್ರ ಇನ್ನೊಬ್ಬರ ಬಳಿಗೆ ಈ ಸೆನ್ಸರ್ ಸಿಕ್ಕಿದ್ದು ಹೆಂಗ? ಪಕ್ಕದಾಗ ಕುಂತ್ರ ಅಷ್ಟಕ್ಕ ಕಳ್ಳ ಅನ್ನಂಗಿಲ್ಲ. ತೊಟ್ಟ ಮೈ ಒಳಗ ಕಾಣಬೇಕು."

ನನಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಮನಸ್ಸು ತಡೆಯದೆ ಅಣ್ಣನಿಗೆ ಫೋನು ಮಾಡಿದೆ. ಹಿಂದೆ ಮಗ್ಗದ ಸದ್ದು.

"ವೈನಿ ಹೆಂಗದಾಳ?"

"ಮಲಗ್ಯಾಳ. ಉಂಡಳು, ಅರ್ಧಾ ರೊಟ್ಟಿ ತಿಂದು ಬ್ಯಾಡಂತ ಬಿಟ್ಟಳು. ಅವ್ವ ಗಿರಣಿಗೆ ಹೋಗ್ಯಾಳ."

"ಪೆಟ್ಟಿಗೆ ಎಷ್ಟ ಅಂತೈತಿ?"

"ತಡಿ." ಮಗ್ಗದ ಸದ್ದು ದೂರವಾಯಿತು. "ನೂರಾಎಂಟು. ಹಸರ ಐತಿ. ಬೆಸ್ಟ್."

ನೂರಾಎಂಟು. ಮುಂಜಾನೆಯ ಅಂಕಿ. ಊಟವಾಗಿದೆ, ಊಟಕ್ಕೆ ಮೊದಲು ಪಂಪು ಇನ್ಸುಲಿನ್ ಹನಿಸಿದೆ, ಅಂಕಿ ಏರಬೇಕು ಇಲ್ಲವೆ ಇಳಿಯಬೇಕು. ಕದಲದೆ ನಿಂತಿದೆ ಎಂದರೆ ಅದು ಸತ್ತ ಅಂಕಿ.

"ಅಣ್ಣಾ, ಆಕಿನ್ನ ಎಬ್ಬಿಸು."

"ರಾತ್ರಿಯೆಲ್ಲ ನಿದ್ದಿ ಇಲ್ಲ ಆಕಿಗೆ, ಈಗರ ಕಣ್ಣ..."

"ಎಬ್ಬಿಸು!"

ಇಡೀ ಕೇಂದ್ರ ತಿರುಗಿ ನೋಡಿತು. ನಾನು ಎದ್ದು ನಿಂತಿದ್ದೆ. ಕುಲಕರ್ಣಿ ಮೇಡಮ್ ತಮ್ಮ ಕೋಣೆಯ ಬಾಗಿಲಿಗೆ ಬಂದರು. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಫೋನಿನ ಆ ಕಡೆ ಅಣ್ಣನ ಹೆಜ್ಜೆ. "ಕಸ್ತೂರಿ. ಏ ಕಸ್ತೂರಿ." ಆಮೇಲೆ ಬೇರೆ ದನಿ, ಅಣ್ಣನದೆಂದು ಗುರುತೇ ಸಿಗದ ದನಿ. "ಪೂರ್ಣಿ, ಏಳವಲ್ಲಳು. ಮೈಯೆಲ್ಲ ಒದ್ದಿ ಆಗೈತಿ. ಏಳವಲ್ಲಳೋ!"

"ಬಾಯಿಗೆ ಏನೂ ಹಾಕಬ್ಯಾಡ. ಸೊಂಟದ ಪಂಪಿನ ನಳಿಗಿ ಕಿತ್ತು ಬಿಡು. ಕಿತ್ತೇನು?"

"ಕಿತ್ತೆ."

"ಫ್ರಿಜ್ಜಿನ ಬಾಗಲದಾಗ ಹಳದಿ ಡಬ್ಬಿ ಐತಿ, ಡಾಕ್ಟರು ಕೊಟ್ಟದ್ದು. ಮೂಗಿನ್ಯಾಗ ಇಟ್ಟು ಒತ್ತು. ಪೂರಾ ಒತ್ತು. ಒಂದ ಮಗ್ಗಲಾ ಮಲಗಿಸು."

ಇರ್ಫಾನ್ ಇನ್ನೊಂದು ಫೋನಿನಲ್ಲಿ ಆಂಬುಲೆನ್ಸಿಗೆ ನಮ್ಮ ಓಣಿಯ ಗುರುತು ಹೇಳುತ್ತಿದ್ದ. ನಾನು ಅಣ್ಣನ ಉಸಿರನ್ನು ಕೇಳುತ್ತಾ ನಿಂತೆ. ಎಷ್ಟು ಹೊತ್ತೋ. ಕೊನೆಗೆ ವೈನಿ ನರಳಿದ ಸದ್ದು, ಅದರ ಹಿಂದೆ ಅಣ್ಣ ಅಳುವ ಸದ್ದು.

ನಾನು ಬನಹಟ್ಟಿಯ ಆಸ್ಪತ್ರೆ ಸೇರಿದಾಗ ವೈನಿಗೆ ಎಚ್ಚರವಾಗಿತ್ತು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಿಸಿದರಂತೆ. ಕುದುರೆ ಓಡಿದಂತೆ ಇತ್ತು ಎಂದು ಅಣ್ಣ ಹೇಳಿದ. "ಈ ಸಲ ಉಳೀತು. ಇನ್ನೊಂದು ಸಲ ಹಿಂಗಾದ್ರ ಮಾತು ಕೊಡಲಿಕ್ಕಾಗೂದಿಲ್ಲ," ಎಂದು ಡಾಕ್ಟರು ಅವನಿಗೆ ಹೇಳಿ ಹೋಗಿದ್ದರು. ಪಂಪು ಸರಿಯಾಗದಿದ್ದರೆ ಹೆರಿಗೆಯವರೆಗೆ ಅಲ್ಲೇ ಮಲಗಿಸಿಕೊಂಡು ಸೂಜಿಗೆ ಹಾಕುವವರಿದ್ದರು.

ಅವ್ವ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ನಾನು ವೈನಿಯ ಕೈ ಹಿಡಿದುಕೊಂಡೆ. ಎಡಗೈ. ಬಳೆಯ ಅಂಚಿನಲ್ಲಿ ಹಳದಿ ಕಲೆ ಕಂಡಿತು. ಅರಿಷಿಣ. ವೈನಿ ಮೊಗ್ಗಿನಷ್ಟು ಚೊಕ್ಕ, ಅವಳ ಬಳೆಯ ಮೇಲೆ ಕಲೆ ಇರುವುದಿಲ್ಲ.

"ಅವ್ವಾ, ಇದು ನಿನ್ನ ಬಳಿ."

"ಹೌದು."

"ವೈನೀದೆಲ್ಲಿ?"

"ಚಾರ್ಜಿಗಂತ ಮನೀ ಕಿಡಕ್ಯಾಗ ಬಿಸಲಿಗೆ ಇಟ್ಟೇನಿ. ಇವತ್ತ ಮೋಡ ನೋಡು, ಲಗೂ ತುಂಬಲಿಲ್ಲ."

"ದಿನಾ ಹಿಂಗ ಮಾಡ್ತಿ?"

"ದಿನಾ, ನೀ ಆಫೀಸಿಗೆ ಹೋದ ಮ್ಯಾಲ. ಕುಬಸ ಆದಾಗಿಂದ." ಅವ್ವ ಇದೇನು ಕೇಳುವ ಮಾತು ಎಂಬಂತೆ ನೋಡಿದಳು. "ಬಸರ ಹೆಂಗಸು ಬರೇ ಕೈಲೆ ಇರಬಾರದು. ಗಾಜಿನ ಬಳಿ ಆ ಕೈಗೆ ಬ್ಯಾಡಂತ ನೀವ ಹೇಳೀರಿ. ಒಂದೀಟ ಹೊತ್ತಿಗಂತ ಗಾಜಿನವು ಏರಿಸಿ ತಗದ್ರ ಅದು ಇನ್ನೂ ಕೆಟ್ಟದ್ದು. ಮತ್ತ ಟಿವ್ಯಾಗ ನಿಮ್ಮ ಕಂಪನೀದು ಬರ್ತೈತಲ್ಲ, ಒಂದ ಕ್ಷಣಾನೂ ಕಾವಲ ಇಲ್ಲದ ಇರಬ್ಯಾಡ್ರಿ ಅಂತ. ನಂದು ತೊಡಿಸಿದ್ರ ಬಳೀನೂ ಆತು, ಕಾವಲೂ ಆತು. ನನ್ನ ಮೈಯಾಗ ಯಾವ ಯಂತ್ರ ಐತಿ, ನನಗ್ಯಾಕ ಬೇಕು ಅದು?"

ತೇರದಾಳದ ಮುದುಕಿಯ ದನಿ ನನ್ನ ಕಿವಿಯಲ್ಲಿ ಮತ್ತೆ ಕೇಳಿತು. ಕೈ ಬರಿದು ಮಾಡೇ ಇಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ಇದೇ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಆ ಮಾತನ್ನು ಕೇಳಿಯೂ, ಹಾಗಾದರೆ ಚಾರ್ಜಿಗೆ ಇಟ್ಟಾಗ ಏನು ತೊಡುತ್ತೀರಿ ಎಂದು ಕೇಳಿರಲಿಲ್ಲ.

ನಾನು ಅವ್ವನಿಗೆ ಹೇಳಿದೆ. ಸರಿಯಾಗಿ ಹೇಳಲು ಬರಲಿಲ್ಲ, ತೊದಲಿದೆ. ನಿನ್ನ ಬಳೆಗೆ ನಿನ್ನ ಮೈ ಮಾತ್ರ ಗೊತ್ತು. ಇವಳ ಕೈಗೆ ಹೋದಾಗ, ನನ್ನ ಒಡತಿಯ ಮೈಯಲ್ಲಿ ಇದ್ಯಾವುದೋ ಯಂತ್ರ ಮಾತಾಡುತ್ತಿದೆಯಲ್ಲ ಎಂದು ಹೆದರಿ ಬಾಯಿ ಮುಚ್ಚಿಸಿತು. ಅಷ್ಟೇ ಅಲ್ಲ, ಆ ಯಂತ್ರ ಕಳ್ಳ ಎಂದು ಮನೆಯ ಎಲ್ಲ ಬಳೆಗಳಿಗೂ ಹೇಳಿತು.

ಅವ್ವ ತನ್ನ ಬಳೆಯನ್ನು ವೈನಿಯ ಕೈಯಿಂದ ಕೆಂಡ ಎಳೆದಂತೆ ಎಳೆದುಕೊಂಡಳು. ಎಳೆದ ಮೇಲೆ ಆ ಖಾಲಿ ಮಣಿಕಟ್ಟನ್ನು ನೋಡಿ ಇನ್ನೂ ಹೆದರಿದಳು. ಬಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳ ಕೈ ಗಾಳಿಯಲ್ಲೇ ನಿಂತಿತು.

"ಹಿಂದಿನ ಸಲ ಇದ ದವಾಖಾನಿಯೊಳಗ ಎರಡೂ ಕೈ ಬಳಿ ತಗದು ಆಕಿನ್ನ ಒಳಗ ಕರಕೊಂಡ ಹೋದ್ರು," ಎಂದಳು. "ಕೂಸು ತಣ್ಣಗ ಬಂತು. ಅವತ್ತ ನಾ ಅನಕೊಂಡೆ, ಇನ್ನೊಮ್ಮೆ ಆಕಿ ಕೈ ಬರಿದ ಬಿಡಬಾರದಂತ. ನಾನ ಕೊಲ್ಲಾಕತ್ತಿದ್ನೇನು ಪೂರ್ಣಾ?"

ಕಣ್ಣು ಮುಚ್ಚಿಕೊಂಡಿದ್ದ ವೈನಿ ಹಾಗೇ ಹೇಳಿದಳು, "ಅತ್ತಿ, ಅಳೂದಿದ್ರ ಹೊರಗ ಹೋಗಿ ಅಳ್ರಿ. ಈಗ ನನಗ ಖರೇನ ನಿದ್ದಿ ಬರಾಕತ್ತೈತಿ."

ಅವ್ವ ಅಳುತ್ತಲೇ ನಕ್ಕಳು.

ಎರಡು ದಿನದ ಮೇಲೆ, ಒಬ್ಬ ನರ್ಸನ್ನು ಜೊತೆ ಕಳಿಸಿ, ಡಾಕ್ಟರು ವೈನಿಯನ್ನು ಮನೆಗೆ ಬಿಟ್ಟರು. ಸಂಜೆಯೊಳಗೆ ಪಂಪು ಸರಿಯಾಗಬೇಕು, ಇಲ್ಲದಿದ್ದರೆ ವಾಪಸು ಬರಬೇಕು ಎಂಬ ಮಾತಿನ ಮೇಲೆ. ದಾರಿಯನ್ನು ಇರ್ಫಾನ್ ಹುಡುಕಿದ್ದ. ಅವನು ಫೋನಿನ ಪರದೆಯಲ್ಲಿ ಕೂತು ಹೇಳಿದ:

"ಮನೀ ಬಳಿಗಳು ಒಂದಕ್ಕೊಂದು ನೆನಪ ಮಾಡಿಕೊಡ್ತಾವ. ಒಂದು ಮರತ್ರ ಇನ್ನೊಂದು ಹೇಳ್ತೈತಿ. ಅದಕ್ಕ ಎಲ್ಲಾರದೂ ಕೂಡೇ ತಗೀಬೇಕು. ಯಾರ ಮೈಮ್ಯಾಲೂ ಒಂದೂ ಇರಬಾರದು. ಆ ನೆನಪು ಅಳಿದಂಗ ಬಳಿ ಮ್ಯಾಲಿನ ನೀಲಿ ದೀಪ ತಾವ ಆರತಾವ. ಎಲ್ಲಾ ಆರಿದ ಮ್ಯಾಲ ಮೊದಲ ವೈನಿಯವರದ್ದು ತೊಡಿಸ್ರಿ."

ಅಣ್ಣ ಮಗ್ಗಗಳನ್ನು ನಿಲ್ಲಿಸಿ ಬಂದ. ಮನೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ. ಅವನ ಕಡಗ, ನನ್ನ ಬಳೆ, ಅವ್ವನ ಬಳೆ ಹಿತ್ತಾಳೆ ತಾಟಿಗೆ ಬಿದ್ದವು. ವೈನಿ ತನ್ನದನ್ನು ಬಿಚ್ಚಿ ಕೊನೆಗೆ ಹಾಕಿದಳು. ಅವಳ ಎಡಗೈ ಖಾಲಿಯಾಯಿತು.

ಅವ್ವ ಸರಿದು ವೈನಿಯ ಪಕ್ಕ ಕೂತು, ಆ ಮಣಿಕಟ್ಟಿನ ಸುತ್ತ ತನ್ನ ಬೆರಳುಗಳನ್ನು ಸುತ್ತಿ ಹಿಡಿದುಕೊಂಡಳು. ನೇಯ್ದು ನೇಯ್ದು ಗಂಟುಗಟ್ಟಿದ ಬೆರಳು. ವೈನಿ ಕೈ ಬಿಡಿಸಿಕೊಳ್ಳಲಿಲ್ಲ.

ದೀಪಗಳು ಒಂದೊಂದಾಗಿ ಮಂಕಾಗುತ್ತಿರುವಾಗ ಕುಲಕರ್ಣಿ ಮೇಡಮ್ ಫೋನಿಗೆ ಬಂದರು.

"ಪೂರ್ಣಾ, ಛೊಲೋ ಕೆಲಸ ಮಾಡಿದಿ. ಇನ್ನ ವರದಿಯೊಳಗ ಬಳಸುವವರ ತಪ್ಪು ಅಂತ ಬರೆದು ಮುಗಿಸಿಬಿಡು. ಒಬ್ಬರ ಬಳಿ ಇನ್ನೊಬ್ಬರು ತೊಡಬಾರದು ಅಂತ ಪುಸ್ತಕದಾಗ ಅದ."

ಅವ್ವನಿಗೆ ಕೇಳಿಸಿತು. ಅವಳು ತಲೆ ತಗ್ಗಿಸಿದಳು, ಬೆರಳು ಮಾತ್ರ ಸಡಿಲಿಸಲಿಲ್ಲ. ಅದನ್ನು ನೋಡದೇ ಇದ್ದಿದ್ದರೆ ನಾನು ಸರಿ ಮೇಡಮ್ ಎಂದುಬಿಡುತ್ತಿದ್ದೆ.

"ಮೇಡಮ್, ಹಂಗ ಬರಿಯಾಕ ಆಗಂಗಿಲ್ಲ," ಎಂದೆ. "ಒಂದ ಕ್ಷಣಾನೂ ಕಾವಲ ಬಿಡಬ್ಯಾಡ್ರಿ ಅಂತ ನಾವ ಹೆದರಿಸೇವಿ. ದಿನಾ ಬಿಚ್ಚಿ ಬಿಸಲಿಗೆ ಇಡ್ರಿ ಅಂತಲೂ ನಾವ ಹೇಳೇವಿ. ಪರದೆ ಬರಿದ ಇದ್ರ ಜನ ಹೆದರ್ತಾರಂತ ಕಂಪನಿಯವರು ಸತ್ತ ಅಂಕಿ ತೋರಿಸಿದ್ರು. ಕೈ ಬರಿದ ಇದ್ರ ಕೇಡಂತ ನಮ್ಮವ್ವ ತನ್ನ ಬಳಿ ತೊಡಿಸಿದಳು. ಬರದ್ರ ಎರಡೂ ಬರೀತೇನಿ."

ಅಷ್ಟಕ್ಕೇ ನಿಲ್ಲಲಿಲ್ಲ. ನಾನೇ ಕೇಳಿದೆ. "ಮೇಡಮ್, ನಿಮ್ಮ ಬಳಿ ಚಾರ್ಜಿಗೆ ಇಟ್ಟಾಗ ನೀವೇನು ತೊಡತೀರಿ?"

ಅವರ ದನಿ ಇನ್ನೂ ಮೆತ್ತಗಾಯಿತು. "ನಮ್ಮ ಅತ್ತಿಯವರದು." ಮತ್ತೆ ಸ್ವಲ್ಪ ತಡೆದು, "ಅವರದು ಇಟ್ಟಾಗ ಅವರು ನಂದು. ಅವರಿಗೆ ಎದೀ ಯಂತ್ರ ಅದ, ಪೂರ್ಣಾ." ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು. "ಎರಡೂ ಬರಿ. ಮೊದಲ ಎಲ್ಲಾ ಮನಿಗೂ ಫೋನ್ ಮಾಡಸ್ರಿ. ಇರ್ಫಾನ್, ಕೇಳಿಸ್ತೋ? ನಾ ಮನಿಗೆ ಹೋಗಿ ಬರ್ತೇನಿ." ಪರದೆಯಲ್ಲಿ ಇರ್ಫಾನ್ ಒಬ್ಬನೇ ಉಳಿದ.

ತಾಟಿನಲ್ಲಿ ಕೊನೆಯ ದೀಪ ಆರಿತು. ಅವ್ವ ಬೆರಳನ್ನು ಮೊಳಕೈ ಕಡೆಗೆ ಒಂದಿಷ್ಟು ಸರಿಸಿ ಜಾಗ ಮಾಡಿಕೊಟ್ಟಳು. ನಾನು ವೈನಿಗೆ ಬಳೆ ತೊಡಿಸಿ ಪಂಪಿನ ನಳಿಗೆ ಜೋಡಿಸಿದೆ. ಪೆಟ್ಟಿಗೆಯಲ್ಲಿ ಹೊಸ ಅಂಕಿ ಮೂಡಿತು. ನೂರಾಮೂವತ್ತೆರಡು. ಬೆರಳಿನ ಪಟ್ಟಿಯೂ ಅದನ್ನೇ ಹೇಳಿತು.

"ಆತಲ್ಲ?" ಎಂದ ಅಣ್ಣ.

"ಸುಮ್ನಿದ್ದಾಗ ಮೊದಲೂ ಬಿಡ್ತಿತ್ತು," ಎಂದ ಇರ್ಫಾನ್. "ಸಕ್ಕರಿ ಇಳಿವಾಗ ಬಿಟ್ರ ಖರೆ."

ನರ್ಸ್ ಅನುಮಾನಿಸಿದರು. ಅವ್ವ ಆಗಲೇ ಶೇಂಗಾ ಉಂಡಿಯ ಡಬ್ಬಿ ತೆರೆದಿದ್ದಳು. ವೈನಿ ತಲೆಯಾಡಿಸಿದಳು.

"ತಿನ್ನಂಗಿಲ್ಲ. ಇಳೀಲಿ. ಇವತ್ತ ನೀವೆಲ್ಲಾ ಸುತ್ತ ಕುಂತೀರಿ. ನಾಳೆ ನಾ ಒಬ್ಬಾಕಿ ಇದ್ದಾಗ ಇಳದ್ರ?"

ಅವಳು ಎದ್ದು ಪಡಸಾಲೆಯಲ್ಲಿ ನಡೆಯತೊಡಗಿದಳು. ಅವ್ವ ಅವಳ ಕೈ ಹಿಡಿದೇ ಜೊತೆಗೆ ನಡೆದಳು, ಇನ್ನೊಂದು ಕೈಯಲ್ಲಿ ಉಂಡಿ. ಗೋಡೆಯಿಂದ ಗೋಡೆಗೆ. ನೂರಾಹದಿನೆಂಟು. ತೊಂಬತ್ತೊಂಬತ್ತು. ಎಂಬತ್ತೊಂಬತ್ತು. ವೈನಿಯ ಮೇಲ್ತುಟಿಯ ಮೇಲೆ ಬೆವರಿನ ಹನಿ ಕಂಡಿತು. ನರ್ಸ್ ಎದ್ದು ನಿಂತರು. ನಾನು ಕೇಳುವ ಯಂತ್ರದ ಪರದೆಯಿಂದ ಕಣ್ಣು ಕೀಳಲಿಲ್ಲ. ಅವಸರದ ಮಾತು ಬರುವುದು ಇನ್ನು ಮೇಲೆ.

ಸಾಲು ಬರಲು ಒಂದು ಗಳಿಗೆ ತಡವಾಯಿತು.

ಒಳಗಿನ ಮಾತು. ಬಿಡು.

ಸೊಂಟದಲ್ಲಿ ಪಂಪು ಟಿಕ್ ಎಂದು ತಾನಾಗಿ ಹನಿಸುವುದನ್ನು ನಿಲ್ಲಿಸಿತು. ಮಾಡದಲ್ಲಿ ಪೆಟ್ಟಿಗೆ ಕೆಂಪಾಯಿತು, ಎಪ್ಪತ್ತೆಂಟು ಎಂದು ತೋರಿಸಿ ಓಣಿಗೆಲ್ಲ ಕೇಳುವಂತೆ ಅರಚತೊಡಗಿತು. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ, "ಏನಾತ್ರೀ?" ಎಂದು ಕೇಳಿದರು.

"ಏನೂ ಆಗಿಲ್ಲ, ಸೊಸಿಗೆ ಹಸಿವ್ಯಾಗೈತಿ!" ಎಂದು ಅವ್ವ ಕೂಗಿ ಹೇಳಿ, ಉಂಡಿಯನ್ನು ವೈನಿಯ ಬಾಯಿಗಿಟ್ಟಳು.

ವೈನಿ ಬಾಯಿ ತುಂಬ ಉಂಡಿ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತಳು, ಅವ್ವನೂ ಪಕ್ಕಕ್ಕೆ ಕೂತಳು. ಪೆಟ್ಟಿಗೆ ಅರಚುತ್ತಲೇ ಇತ್ತು. ಅದನ್ನು ನಿಲ್ಲಿಸಲು ನಮ್ಮಲ್ಲಿ ಯಾರೂ ಏಳಲಿಲ್ಲ.